ಚಿಸ್ಪಾ ಯಾರ ನಾಯಿ?

ನಮ್ಮ ಗುಡ್ಡದ ಮೇಲೆ ಯಾರನ್ನಾದರೂ ನಿಲ್ಲಿಸಿ, "ಈ ನಾಯಿ ಯಾರದು?" ಅಂತ ಕೇಳಿ ನೋಡಿ. "ಇದಾ? ಇದು ಓಣಿದು" ಅಂತಾರೆ. ರೊಟ್ಟಿ ಹಾಕೋರು ಒಬ್ಬರು, ಗದರಿಸೋರು ಇನ್ನೊಬ್ಬರು, ಮಲಗೋಕೆ ಮತ್ಯಾರದೋ ಮನೆ ಮೆಟ್ಟಿಲು. ಮರಿ ಹಾಕಿದಾಗ, ಕಾಯಿಲೆ ಬಿದ್ದಾಗ ಮಾತ್ರ ಅದು ಯಾರದೂ ಅಲ್ಲ. ನಿಮ್ಮ ಓಣಿಯಲ್ಲೂ ಹೀಗೇ ಇದ್ದರೆ ಸ್ವಲ್ಪ ಹೊತ್ತು ಕೂತು ಈ ಮಾತು ಕೇಳಿ.

ನಾನು ಓಬ್ದುಲಿಯಾ. ಪಾಚೂಕಾ ಊರಿನ ಮೇಲ್ಗುಡ್ಡದಲ್ಲಿ ನಂದೊಂದು ಜೋಳದ ರೊಟ್ಟಿ ಅಂಗಡಿ. ಅಂಗಡಿ ಪಕ್ಕದಲ್ಲೇ ಕಡಿದಾದ ಮೆಟ್ಟಿಲು. ಮೆಟ್ಟಿಲ ಕೊನೆಗೆ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ನಾವೆಲ್ಲ ಗೌರವದಿಂದ ದೋನ್ ಅಂತ ಕರೆಯುವ ಎವೋದಿಯೋ ಮತ್ತು ಅವರ ಮಗಳು ಮಾಕ್ಲೋವಿಯಾ ಇರುತ್ತಾರೆ. ಎವೋದಿಯೋ ಬೆಳ್ಳಿ ಗಣಿಯಲ್ಲಿ ದುಡಿದು ಮುದುಕರಾದವರು. ಗಣಿಯ ಧೂಳು ಇನ್ನೂ ಅವರ ಎದೆಯಲ್ಲೇ ಇದೆ. ನಾಲ್ಕು ಮೆಟ್ಟಿಲು ಹತ್ತಿದರೆ ಕೆಮ್ಮು ಬರುತ್ತದೆ. ಮಾಕ್ಲೋವಿಯಾ ಗಂಡನನ್ನು ಬಿಟ್ಟು ಬಂದವಳು. ಆಲೂಗಡ್ಡೆ, ಮಾಂಸ ತುಂಬಿದ ಪಾಸ್ತೆ ಕಡುಬು ಸುಟ್ಟು ಬಸ್ ನಿಲ್ದಾಣದಲ್ಲಿ ಮಾರುತ್ತಾಳೆ. ಬಾಯಿ ಜೋರು, ಮನಸ್ಸು ಮೆತ್ತಗೆ.

ಎವೋದಿಯೋ ಅವರ ಹೆಂಡತಿ ತೀರಿಕೊಂಡಾಗ ಮುದುಕ ಮಾತು ಬಿಟ್ಟುಬಿಟ್ಟಿದ್ದರು. ನನ್ನ ಅಂಗಡಿಗೆ ಬಂದು ಬೆರಳು ತೋರಿಸಿ ರೊಟ್ಟಿ ತಗೊಂಡು ಹೋಗುತ್ತಿದ್ದರು, ಅಷ್ಟೇ. ಮಗಳು ಬೈದಳು, ಅತ್ತಳು, ಪಾದ್ರಿಯನ್ನು ಕರೆಸಿದಳು. ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಮುದುಕರೇ ಬಂದು ನಿಂತು ಹೇಳಿದರು:

"ಓಬ್ದುಲಿಯಾ, ಇನ್ನೆರಡು ರೊಟ್ಟಿ ಜಾಸ್ತಿ ಹಾಕು. ಮನೇಲಿ ಇನ್ನೊಬ್ಬಳಿದಾಳೆ."

ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಅವರ ಕಾಲ ಹತ್ತಿರ ಒಂದು ಕರಿ ಮರಿ. ಕಣ್ಣಿನ ಮೇಲೆ ಕೆಂಡದ ಬಣ್ಣದ ಎರಡು ಚುಕ್ಕೆ. ಕಸದ ಗಾಡಿಯ ಹಿಂದೆ ಬಂದು ಅವರ ಮೆಟ್ಟಿಲ ಮೇಲೆ ಕೂತಿತ್ತಂತೆ. ಚಿಸ್ಪಾ ಅಂತ ಕರೆದರು. ನಮ್ಮ ಭಾಷೆಯಲ್ಲಿ ಕಿಡಿ ಅಂತ ಅರ್ಥ.

ಅಂದಿನಿಂದ ಮುದುಕ ಮತ್ತೆ ಮನುಷ್ಯರಾದರು. ನಾಯಿ ಜೊತೆ ಮಾತಾಡಿ ಮಾತಾಡಿ ನಮ್ಮ ಜೊತೆಗೂ ಮಾತು ಬಂತು. ಕೆಮ್ಮು ಬಂದಾಗ ಚಿಸ್ಪಾ ಹೋಗಿ ಅವರ ಮೊಣಕಾಲಿಗೆ ತಲೆ ಒತ್ತಿ ನಿಲ್ಲೋದು. ಕೆಮ್ಮು ನಿಲ್ಲೋವರೆಗೂ ಕದಲುತ್ತಿರಲಿಲ್ಲ. ವರ್ಷಗಳು ಹೀಗೇ ಹೋದವು.

ಒಂದು ಬೇಸಿಗೆಯಲ್ಲಿ ಗುಡ್ಡದ ಚರ್ಚ್ ಅಂಗಳದಲ್ಲಿ ನಾಯಿಗಳಿಗೆ ಚುಚ್ಚುಮದ್ದು ಹಾಕಲು ಡಾಕ್ಟರ್ ಯಾದೀರಾ ಬಂದರು. ಪಶುವೈದ್ಯೆ. ಹುಟ್ಟಿ ಬೆಳೆದದ್ದು ನಮ್ಮ ಗುಡ್ಡದಲ್ಲೇ, ಹಾಗಾಗಿ ಎಲ್ಲರ ಮನೆಯೂ ಗೊತ್ತು. ಎವೋದಿಯೋ ಬರದಿದ್ದುದನ್ನು ನೋಡಿ ಅವರೇ ಮೆಟ್ಟಿಲು ಹತ್ತಿ ಹೋದರು. ನಾನೂ ರೊಟ್ಟಿ ಕೊಡುವ ನೆವದಲ್ಲಿ ಹಿಂದೆಯೇ ಹೋದೆ.

"ಅಜ್ಜಾ, ಚಿಸ್ಪಾನ ಯಾಕೆ ಕರ್ಕೊಂಡು ಬರ್ಲಿಲ್ಲ? ಪುಕ್ಕಟೆ ಹಾಕ್ತಿದೀವಿ."

"ಅವಳಿಗೇನಾಗಿದೆ? ನನಗಿಂತ ಗಟ್ಟಿ ಇದಾಳೆ."

"ಗಟ್ಟಿ ಇದ್ದಾಗಲೇ ಹಾಕೋದು. ರೋಗ ಬಂದ್ಮೇಲೆ ಹಾಕಿದ್ರೆ ಏನು ಬಂತು? ಮರಿ ಆಗದ ಹಾಗೆ ಆಪರೇಷನ್ನೂ ಮಾಡಿಸಿಬಿಡಿ. ಕೊರಳಿಗೊಂದು ಪಟ್ಟಿ ಹಾಕಿ, ಅದರ ಮೇಲೆ ಮಾಕ್ಲೋವಿಯಾ ಫೋನ್ ನಂಬರ್ ಬರೆಸಿ."

ಎವೋದಿಯೋ ತಲೆ ಅಲ್ಲಾಡಿಸಿದರು. "ಗಣೀಲಿ ಇದ್ದಷ್ಟು ದಿನ ನನ್ನ ಕೊರಳಿಗೊಂದು ನಂಬರಿನ ಬಿಲ್ಲೆ ಕಟ್ಟಿದ್ರು. ಸತ್ರೆ ಗುರುತು ಸಿಗ್ಲಿ ಅಂತ. ಈ ಮನೇಲಿ ಇನ್ಯಾರ ಕೊರಳಿಗೂ ಬಿಲ್ಲೆ ಬೇಡ."

ಮಾಕ್ಲೋವಿಯಾ ಒಳಗಿಂದ ನಗುತ್ತಾ ಕೂಗಿದಳು. "ಡಾಕ್ಟ್ರೇ, ಈ ಗುಡ್ಡದ ನಾಯಿಗೆ ಪಟ್ಟಿ ಕಟ್ಟಿದ್ರೆ ಮಿಕ್ಕ ನಾಯಿಗಳು ಬಿದ್ದು ಬಿದ್ದು ನಗ್ತಾವೆ! ಇದು ಅಪ್ಪನ ನಾಯಿ ಅಂತ ಯಾರಿಗೆ ಗೊತ್ತಿಲ್ಲ ಹೇಳಿ?"

"ಗುಡ್ಡದ ಮೇಲೆ ಎಲ್ಲರಿಗೂ ಗೊತ್ತು ಮಾಕ್ಲೋ. ಗುಡ್ಡ ಇಳಿದ್ಮೇಲೆ ಯಾರಿಗೆ ಗೊತ್ತು?"

"ಅವಳು ಇಳಿಯಲ್ಲ" ಅಂದರು ಎವೋದಿಯೋ. ಮಾತು ಅಲ್ಲಿಗೆ ಮುಗಿಯಿತು.

ಆದರೆ ಚಿಸ್ಪಾ ಇಳಿಯಿತು. ಮಳೆಗಾಲ ಶುರುವಾದ ಮೇಲೆ, ಮಾಕ್ಲೋವಿಯಾ ಬಿಸಿ ಬಿಸಿ ಮಾಂಸದ ಪಾಸ್ತೆ ಬುಟ್ಟಿ ಹೊತ್ತು ಹೋಗುವಾಗ ವಾಸನೆ ಹಿಡಿದು ಹಿಂದೆಯೇ ಹೋಗಿದೆ. ಅವಳಿಗೆ ಗೊತ್ತೇ ಆಗಿಲ್ಲ. ಕೆಳಗಿನ ದೊಡ್ಡ ರಸ್ತೆಯಲ್ಲಿ ಒಂದು ಕಾರು ಹೊಡೆದು ಹೋಯಿತು. ಹಿಂಗಾಲು ಮುರಿಯಿತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ಊರಾಚೆಯ ನಾಯಿ ಆಶ್ರಯಕ್ಕೆ ಫೋನ್ ಮಾಡಿದರು. ಆಶ್ರಯದವರು ಬಂದು ಎತ್ತಿಕೊಂಡು ಹೋಗಿ ಆಪರೇಷನ್ ಮಾಡಿಸಿದರು, ಕಾಲು ಉಳಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬರದಿದ್ದರೆ ಚಿಸ್ಪಾ ಅವತ್ತೇ ಸಾಯುತ್ತಿತ್ತು.

ಇದ್ಯಾವುದೂ ನಮಗೆ ಗೊತ್ತಿಲ್ಲ. ಎವೋದಿಯೋ ಗುಡ್ಡವೆಲ್ಲ ಹುಡುಕಿದರು. ಕೆಲಸ ನಿಂತುಹೋದ ಗಣಿಯ ಬಾವಿಗಳ ಅಂಚಿನಲ್ಲಿ ನಿಂತು ಒಳಗೆ ಬಗ್ಗಿ "ಚಿಸ್ಪಾ, ಚಿಸ್ಪಾ" ಅಂತ ಕೂಗಿದರು. ಕೂಗಿಗಿಂತ ಕೆಮ್ಮೇ ಹೆಚ್ಚು ಕೇಳುತ್ತಿತ್ತು. ಕೊನೆಗೆ ನನ್ನ ಅಂಗಡಿಗೆ ಬಂದ ಒಬ್ಬ ಹುಡುಗಿ ಫೋನ್ ತೋರಿಸಿದಳು. "ಓಬ್ದುಲಿಯಾ ಅಮ್ಮಾ, ಇದು ಅಜ್ಜನ ನಾಯಿ ಅಲ್ವಾ?"

ಅದೇ. ಆಶ್ರಯದವರು ಮೈ ತೊಳೆದು, ಕಾಲಿಗೆ ಪಟ್ಟಿ ಸುತ್ತಿ ಕೂರಿಸಿ ಫೋಟೋ ತೆಗೆದಿದ್ದರು. ಕೆಳಗೆ ಬರೆದಿತ್ತು: "ದಾಲಿಯಾ ಒಳ್ಳೆಯ ಮನೆಗಾಗಿ ಕಾಯುತ್ತಿದ್ದಾಳೆ."

ಮೆಟ್ಟಿಲು ಹತ್ತಿ ಹೋಗಿ ಅಪ್ಪ ಮಗಳಿಗೆ ತೋರಿಸಿದೆ. "ದಾಲಿಯಾ ಅಂತೆ!" ಅಂದಳು ಮಾಕ್ಲೋವಿಯಾ. "ಈ ಮೂತಿಗೆ ಹೂವಿನ ಹೆಸರು ಬೇರೆ!" ನಗುತ್ತಲೇ ಅತ್ತುಬಿಟ್ಟಳು. ಎವೋದಿಯೋ ಪೆಟ್ಟಿಗೆಯಿಂದ ಕೋಟು ತೆಗೆದು ಹಾಕಿಕೊಂಡರು. ಮೂವರೂ ಬಸ್ಸು ಹತ್ತಿ ಹೋದೆವು.

ಆಶ್ರಯ ನಡೆಸುವವರ ಹೆಸರು ರೆನಾತಾ. ಗಂಡನಿಲ್ಲ, ಮಕ್ಕಳಿಲ್ಲ. ಅಪ್ಪ ಬಿಟ್ಟುಹೋದ ಇಟ್ಟಿಗೆ ಗೂಡಿನ ಜಾಗದಲ್ಲಿ ನಾಯಿಗಳನ್ನು ಇಟ್ಟುಕೊಂಡಿದ್ದಾರೆ. ಎರಡೂ ಕೈ ತುಂಬಾ ಹಳೇ ಕಡಿತದ ಗುರುತು. ನಾವು ತಂತಿಬೇಲಿಯ ಹತ್ತಿರ ಹೋಗುತ್ತಿದ್ದ ಹಾಗೇ ಒಳಗಿಂದ ಚಿಸ್ಪಾ ಕಿರುಚಿತು. ಕುಂಟುತ್ತಾ ಬಂದು ತಂತಿಗೆ ಮೈ ಒತ್ತಿತು. ಎವೋದಿಯೋ ಬೆರಳು ಒಳಗೆ ತೂರಿಸಿದರು. ಅದು ನೆಕ್ಕಿದ್ದೇ ನೆಕ್ಕಿದ್ದು.

"ನೋಡಿದ್ರಲ್ಲಮ್ಮಾ, ಇವಳು ನನ್ನೋಳು" ಅಂದರು.

ರೆನಾತಾಗೆ ಅಭ್ಯಾಸವಾಗಿಹೋದ ದನಿ. "ಅಜ್ಜಾ, ರೊಟ್ಟಿ ವಾಸನೆ ಬಂದ್ರೆ ಎಲ್ಲ ನಾಯಿನೂ ಬಾಲ ಅಲ್ಲಾಡಿಸುತ್ತೆ. ಚುಚ್ಚುಮದ್ದು ಹಾಕಿಸಿದ ಚೀಟಿ ಇದೆಯಾ?"

"ಇಲ್ಲ."

"ಕೊರಳಪಟ್ಟಿ ಇತ್ತಾ?"

"ಇಲ್ಲ."

"ಹೋಗ್ಲಿ, ನಾಯಿ ಜೊತೆ ಒಂದು ಫೋಟೋ?"

ಎವೋದಿಯೋ ಮಗಳ ಮುಖ ನೋಡಿದರು. "ದಿನಾ ಕಣ್ಣೆದುರಿಗೇ ಇರೋಳ ಫೋಟೋ ಯಾಕೆ ತೆಗೀತೀವಿ ತಾಯಿ?"

"ಹಾಗಾದ್ರೆ ನಿಮ್ಮದು ಅಂತ ನಾನು ಹೇಗೆ ನಂಬಲಿ? ಹೊಸದಾಗಿ ದತ್ತು ಕೇಳಬೇಕು. ಎಲ್ಲರಿಗೂ ಇರೋ ನಿಯಮವೇ ನಿಮಗೂ. ಮನೆಗೆ ಗೋಡೆ, ಬಾಗಿಲು ಇದೆಯಾ?"

"ಮನೆಗಿದೆ. ಅಂಗಳಕ್ಕಿಲ್ಲ. ಅಂಗಳವೇ ಇಲ್ಲ. ಮೆಟ್ಟಿಲು."

"ಬಾಡಿಗೆ ಮನೇನಾ? ಯಜಮಾನ ಒಪ್ಪಿ ಬರೆದುಕೊಡ್ತಾನಾ? ನಿಮ್ಮ ವಯಸ್ಸೆಷ್ಟು?"

"ಎಪ್ಪತ್ತು ದಾಟಿ ಆಯ್ತು."

ರೆನಾತಾ ತಲೆ ಅಲ್ಲಾಡಿಸಿದರು. "ಅಷ್ಟು ವಯಸ್ಸಾದವರಿಗೆ ನಾವು ಕೊಡಲ್ಲ. ನೀವು ಹೋದ್ಮೇಲೆ ಅದನ್ನ ಯಾರು ನೋಡ್ಕೋತಾರೆ?"

"ನಾನು ಹೋದ್ಮೇಲಿಂದು ಯಾರು ಕಂಡೋರು? ಇರೋವರೆಗೆ ಅಂತ ಕೇಳ್ತಿದೀನಿ."

ಮಾಕ್ಲೋವಿಯಾಗೆ ತಡೆಯಲಾಗಲಿಲ್ಲ. "ಏನಮ್ಮಾ ನಿಂದು! ನನಗೆ ಗಂಡು ನೋಡೋವಾಗ ನಮ್ಮಮ್ಮ ಇಷ್ಟು ಪ್ರಶ್ನೆ ಕೇಳಿದ್ರೆ ಆ ಕುಡುಕನ ಕೈಗೆ ನಾನು ಸಿಗ್ತಾನೇ ಇರ್ಲಿಲ್ಲ. ಇದು ನಾಯಿ ಕಣಮ್ಮಾ, ನಾಯಿ! ನಮ್ಮ ನಾಯಿ ನಮಗೆ ಕೊಡೋಕೆ ನಿಂಗೇನು ಕಷ್ಟ?"

"ನಿಮ್ಮ ನಾಯಿ ಆಗಿದ್ರೆ ರಸ್ತೆ ಮಧ್ಯೆ ಯಾಕೆ ಬಿದ್ದಿತ್ತು?" ರೆನಾತಾ ತಿರುಗಿ ಬಿದ್ದರು. "ಕೇಳಿಲ್ಲಿ. ಮೊದಲು ನಾನೂ ಏನೂ ಕೇಳದೇ ಕೊಡ್ತಿದ್ದೆ. ನಗುಮುಖದ ಮನುಷ್ಯ ಒಬ್ಬ, ಪಕ್ಕದಲ್ಲಿ ಮುದ್ದು ಮುದ್ದು ಮಕ್ಕಳು. ಕೊಟ್ಟೆ. ಆಮೇಲೆ ನೋಡೋಕೆ ಹೋದ್ರೆ ತಾರಸಿ ಮೇಲೆ ಕಟ್ಟಿಹಾಕಿದಾರೆ. ನೆರಳಿಲ್ಲ, ನೀರಿಲ್ಲ. ಸರಪಳಿ ಬಿಚ್ಚಿದ್ದು ನಾನೇ. ಆಗಲೇ ಸೆಟೆದುಕೊಂಡಿತ್ತು. ಆ ಮನೆಯೋರು ಏನಂದ್ರು ಗೊತ್ತಾ? 'ನಮ್ಮ ನಾಯಿ ನಮ್ಮಿಷ್ಟ' ಅಂದ್ರು. ನನ್ನ ಒಂದೊಂದು ನಿಯಮದ ಹಿಂದೂ ಒಂದೊಂದು ಹೆಣ ಇದೆ."

ಎವೋದಿಯೋ ಬೆರಳು ಹೊರಗೆ ತೆಗೆದರು. "ಪಾಪ" ಅಂದರು. ಯಾರಿಗಂದರೋ ಗೊತ್ತಿಲ್ಲ. ನಾವು ಗೇಟು ದಾಟಿ ರಸ್ತೆಗೆ ಬರುವವರೆಗೂ ಚಿಸ್ಪಾ ಕಿರುಚುತ್ತಲೇ ಇತ್ತು.

ಇಲ್ಲಿಗೆ ನಿಂತಿದ್ದರೆ ಏನಾದರೂ ದಾರಿ ಸಿಗುತ್ತಿತ್ತೋ ಏನೋ. ಮನೆಗೆ ಬಂದ ಮಾಕ್ಲೋವಿಯಾ ಫೋನಿನಲ್ಲಿ ವಿಡಿಯೋ ಮಾಡಿ ಅಳುತ್ತಾ ಎಲ್ಲ ಹೇಳಿ ಹಾಕಿಬಿಟ್ಟಳು. "ಬಡವರ ನಾಯಿ ಕದ್ದು ಸಾಹುಕಾರರಿಗೆ ಕೊಡ್ತಾಳೆ" ಅಂದಳು. ಅದು ಊರೆಲ್ಲ ಹರಿದಾಡಿತು. ಯಾರ್ಯಾರೋ ಸೇರಿಕೊಂಡರು. ರೆನಾತಾಗೆ ಕಳ್ಳಿ, ಹುಚ್ಚಿ ಅಂತೆಲ್ಲ ಬರೆದರು. ಆಶ್ರಯದ ಕಡೆಯವರು ಸುಮ್ಮನಿದ್ದರೇ? "ಗುಡ್ಡದ ಕೊಳಕರು, ನಾಯಿ ಸಾಕೋಕೆ ಯೋಗ್ಯತೆ ಇಲ್ಲದವರು" ಅಂದರು. ನಮ್ಮ ಓಣಿಗೂ ಸಿಟ್ಟು ಬಂತು. ಗುಂಪು ಕಟ್ಟಿಕೊಂಡು ಗೇಟಿನ ಮುಂದೆ ಹೋಗಿ ಕೂಗಾಡಿದರು. ಕೂಗಾಟದ ಮಧ್ಯೆ ಒಂದು ಕಲ್ಲು ಹಾರಿತು. ಯಾರು ಎಸೆದರೋ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಅದು ರೆನಾತಾ ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು. ಒಳಗಿದ್ದ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು.

ಮಾಕ್ಲೋವಿಯಾ ಬಿಳುಚಿಕೊಂಡು ಮನೆಗೆ ಬಂದಳು. ಎವೋದಿಯೋ ಎಲ್ಲಾ ಕೇಳಿ ಇಷ್ಟೇ ಹೇಳಿದರು: "ನನ್ನ ನಾಯಿ ಒಳಗಿರೋವಾಗ ಕಲ್ಲು ಹೊಡೆದ್ರಾ?"

ಅದಾದ ಮೇಲೆ ಡಾಕ್ಟರ್ ಯಾದೀರಾ ಬಂದರು. ಈ ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

"ಮಾಕ್ಲೋ, ನಿನ್ನ ಸಿಟ್ಟು ನನಗರ್ಥ ಆಗುತ್ತೆ. ಆದ್ರೆ ಆಯಮ್ಮ ನಾಯಿ ತಿನ್ನೋಳಲ್ಲ. ಹೆದರಿದಾಳೆ. ಹೆದರಿದೋರಿಗೆ ಕಲ್ಲು ಹೊಡೆದ್ರೆ ಬಾಗಿಲು ಇನ್ನೂ ಗಟ್ಟಿಯಾಗಿ ಹಾಕ್ಕೋತಾರೆ."

"ಹಾಗಾದ್ರೆ ಅವಳು ಮಾಡಿದ್ದು ಸರಿನಾ? ಮುದುಕರು ಅಂತ ನಾಯಿ ಕೊಡಲ್ವಂತೆ!"

"ಅದು ಸರಿ ಅಂತ ನಾನೆಲ್ಲಿ ಹೇಳಿದೆ? ಅದನ್ನ ಅವಳಿಗೇ ಹೇಳಿ ಬಂದಿದೀನಿ. ವಯಸ್ಸು ನೋಡಬೇಡ, ವಯಸ್ಸಾದೋರ ಜೊತೆ ಯಾರಿದಾರೆ ಅಂತ ನೋಡು ಅಂದೆ. ಗೋಡೆ ಇಲ್ಲಾಂದ್ರೆ ಹೋಗಿ ಮನೆ ನೋಡು, ಏನು ಮಾಡಬಹುದು ಅಂತ ಹೇಳು ಅಂದೆ. ಈಗ ನಿಮಗೆ ಹೇಳ್ತೀನಿ. ಮೆಟ್ಟಿಲ ತುದೀಲಿ ಒಂದು ಬಾಗಿಲು ಆದ್ರೆ ನಾಯಿ ರಸ್ತೆಗಿಳಿಯಲ್ಲ. ಅಜ್ಜನ ನಂತರ ನಾನು ನೋಡ್ಕೋತೀನಿ ಅಂತ ನೀನು ಬಾಯಿಬಿಟ್ಟು ಹೇಳಬೇಕು. ಮನೆ ಯಜಮಾನನ ಹತ್ರ ಒಂದು ಮಾತು ಕೇಳಿ. ಇದು ಅವಳಿಗಾಗಿ ಅಲ್ಲ, ಚಿಸ್ಪಾಗಾಗಿ. ಕಾರು ಹೊಡೆದಿದ್ದು ಸುಳ್ಳಲ್ಲವಲ್ಲ?"

ಮಾಕ್ಲೋವಿಯಾ ಕೈಯಲ್ಲೇ ಮೂಗು ಒರೆಸಿಕೊಂಡಳು. ಎವೋದಿಯೋ ಹೇಳಿದರು: "ಸುಳ್ಳಲ್ಲ."

ಮರುದಿನದಿಂದ ಕೆಲಸ ಶುರು. ಹಳೇ ಮಂಚದ ಕಬ್ಬಿಣ, ತಗಡಿನ ಚೂರು, ಎಲ್ಲಿಂದಲೋ ತಂದ ಕೀಲು. ಮುದುಕರೇ ಗರಗಸ ಹಿಡಿದರು. ಒಂದು ಸರಳು ಕೊಯ್ಯೋದು, ಕೂತು ಕೆಮ್ಮೋದು, ಮತ್ತೆ ಏಳೋದು. ಗಣಿಯ ಹಳೇ ಗೆಳೆಯರು ಬಂದು ಬೆಸುಗೆ ಹಾಕಿಕೊಟ್ಟರು. ಮನೆ ಯಜಮಾನ ಗೊಣಗಿದ, ಕೊನೆಗೆ ಒಪ್ಪಿದ. ಮಾಕ್ಲೋವಿಯಾ ಫೋನಿನಲ್ಲಿ ಹಾಕಿದ್ದನ್ನೆಲ್ಲ ತೆಗೆದು, ರೆನಾತಾಗೆ ಕ್ಷಮೆ ಕೇಳಿ ಹೇಳಿ ಕಳಿಸಿದಳು. ಬಾಗಿಲಿಗೆ ನೀಲಿ ಬಣ್ಣ ಬಳಿದರು. ಬಣ್ಣ ಒಣಗುವ ಹೊತ್ತಿಗೆ ಡಾಕ್ಟರ್ ಸುದ್ದಿ ಕಳಿಸಿದರು: ರೆನಾತಾ ಮನೆ ನೋಡೋಕೆ ಬರುತ್ತಾರೆ.

ಅವತ್ತು ಮಾಕ್ಲೋವಿಯಾ ಮನೆ ಗುಡಿಸಿದ್ದೇ ಗುಡಿಸಿದ್ದು. ಪಾಸ್ತೆ ಸುಟ್ಟಿಟ್ಟಳು. ರೆನಾತಾ ಹಣೆಗೆ ಬ್ಯಾಂಡೇಜು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದರು. ಬಾಗಿಲು ಹಿಡಿದು ಎಳೆದು ನೋಡಿದರು. ಚಿಲಕ ಹಾಕಿ ತೆಗೆದು ನೋಡಿದರು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ಗಟ್ಟಿ ಇದೆ" ಅಂದರು. "ಇಷ್ಟು ಸಾಕಿತ್ತು."

"ಸಾಕಿತ್ತು ಅಂದ್ರೆ?" ಮಾಕ್ಲೋವಿಯಾ ಕೇಳಿದಳು.

ರೆನಾತಾ ಎವೋದಿಯೋ ಮುಖ ನೋಡಲಿಲ್ಲ. "ಕಲ್ಲು ಬಿತ್ತಲ್ಲ, ಮಾರನೇ ದಿನವೇ ಕೊಟ್ಟುಬಿಟ್ಟೆ ಅಜ್ಜಾ. ಊರಿನ ಆ ತುದೀಲಿ ಒಂದು ಮನೆ. ಆಳೆತ್ತರದ ಗೋಡೆ, ಹುಲ್ಲಿನ ಅಂಗಳ, ಓದಿದ ಜನ. ಎಲ್ಲ ನಿಯಮಕ್ಕೂ ಸರಿ ಇದ್ರು. ನಿಮ್ಮ ಕೈಗೆ ಸಿಗಬಾರದು ಅಂತ ಅವಸರ ಮಾಡಿದೆ. ಡಾಕ್ಟರಿಗೂ ಹೇಳಿರಲಿಲ್ಲ. ನಿಮ್ಮ ಎದುರಿಗೇ ಹೇಳೋಣ ಅಂತ ಬಂದೆ."

ನಾನು ಬೈಗುಳ ಬೀಳುತ್ತದೆ ಅಂದುಕೊಂಡೆ. ಎವೋದಿಯೋ ಕೇಳಿದರು: "ಚೆನ್ನಾಗಿದಾಳಾ?"

"ಕೇಳ್ತೀನಿ. ಅವರು ಒಳ್ಳೇವ್ರು. ನಿಮ್ಮ ವಿಷಯ ಎಲ್ಲ ಹೇಳಿ ವಾಪಸ್ ಕೇಳ್ತೀನಿ" ಅಂತ ರೆನಾತಾ ಅಲ್ಲೇ ಫೋನ್ ಹಚ್ಚಿದರು.

ಆ ಮನೆಯ ಹೆಂಗಸಿನ ಹೆಸರು ಲಿಲಿಯಾನಾ. ಫೋನಿನಿಂದ ಅವರು ಅಳುವ ಸದ್ದು ನಮಗೂ ಕೇಳಿಸಿತು. ಚಿಸ್ಪಾ ಬಂದಾಗಿನಿಂದ ಸರಿಯಾಗಿ ತಿಂದಿರಲಿಲ್ಲವಂತೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲೆಲ್ಲ ನಾಯಿ ಒಂಟಿ. ಗೇಟಿನ ಹತ್ತಿರವೇ ಮಲಗಿರುತ್ತಿತ್ತಂತೆ. ಹಿಂದಿನ ದಿನ ಬೆಳಿಗ್ಗೆ ಕಾರು ಹೊರತೆಗೆಯಲು ಗೇಟು ತೆರೆದಾಗ ನುಸುಳಿ ಹೋಗಿದೆ. ಹುಡುಕುತ್ತಲೇ ಇದ್ದಾರೆ. ಹೇಗೆ ಹೇಳೋದು ಅಂತ ಹೆದರಿ ಆಶ್ರಯಕ್ಕೆ ತಿಳಿಸಿರಲಿಲ್ಲ.

ರೆನಾತಾ ವ್ಯಾನಿನಲ್ಲಿ ನಾವೆಲ್ಲ ಹೊರಟೆವು. ಎವೋದಿಯೋ ಮುಂದೆ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಾ ಬಂದರು. ಟೈರು ರಿಪೇರಿ ಮಾಡುವ ಒಬ್ಬಾತ ರಸ್ತೆ ಬದಿಯಲ್ಲಿ ನಮ್ಮನ್ನು ತಡೆದ.

"ಕರಿ ನಾಯಿನಾ? ಕುಂಟೋದಾ? ನಿನ್ನೆ ಸಂಜೆ ಬಂತು. ನೀರಿಟ್ಟೆ, ಕುಡೀತು. ಹಿಡಿಯೋಣ ಅಂದ್ರೆ ಕೈಗೆ ಸಿಗಲಿಲ್ಲ. ಆ ಕಡೆ ಹೋಯ್ತು" ಅಂತ ಕೈ ತೋರಿಸಿದ. ಆ ಕಡೆ ದೂರದಲ್ಲಿ ನಮ್ಮ ಗುಡ್ಡ, ಬಣ್ಣ ಬಣ್ಣದ ಮನೆಗಳು.

ಮಾಕ್ಲೋವಿಯಾ ಅಪ್ಪನ ಭುಜ ಹಿಡಿದು ಅಲ್ಲಾಡಿಸಿದಳು. "ಅಪ್ಪಾ, ಮನೆಗೇ ಬರ್ತಿದಾಳೆ! ನಾವು ತಿರುಗಿ ಹೋಗೋದ್ರೊಳಗೆ ಬಂದು ಕೂತಿರ್ತಾಳೆ ನೋಡು!"

ವ್ಯಾನು ತಿರುಗಿಸುವಾಗಲೇ ಲಿಲಿಯಾನಾ ಫೋನು ಬಂತು. ಅವರು ನಾಯಿಯ ಕೊರಳಿಗೆ ಪಟ್ಟಿ ಕಟ್ಟಿ ನಂಬರ್ ಬರೆಸಿದ್ದರು. ಹೆದ್ದಾರಿ ಗುಡಿಸುವ ಒಬ್ಬ ಹೆಂಗಸು ಅದನ್ನು ಓದಿ ಅವರಿಗೆ ತಿಳಿಸಿದ್ದಳು. ರೆನಾತಾ ವ್ಯಾನು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟರು. ನಮಗೆ ಗೊತ್ತಾಯಿತು.

ನಾವು ಹೋದಾಗ ಆ ಹೆಂಗಸು ಚಿಸ್ಪಾನ ರಸ್ತೆಯಿಂದ ಪಕ್ಕಕ್ಕೆಳೆದು ಗೋಣಿ ಮುಚ್ಚಿ ಕಾಯುತ್ತಿದ್ದಳು. ಹೆದ್ದಾರಿ ದಾಟಿದರೆ ನಮ್ಮ ಗುಡ್ಡದ ದಾರಿ. ದಾಟಲು ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಲಿಲಿಯಾನಾ ಕೂಡ ಓಡೋಡಿ ಬಂದರು. ಎವೋದಿಯೋ ಮಣ್ಣಿನಲ್ಲಿ ಕೂತು ಗೋಣಿ ಸರಿಸಿ ನಾಯಿಯ ತಲೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಕೆಮ್ಮು ಬಂತು. ಬಂದೇ ಬಂತು. ಯಾರಿಗೂ ಹತ್ತಿರ ಹೋಗಲಾಗಲಿಲ್ಲ.

"ಅಜ್ಜಾ, ನನಗೆ ಗೊತ್ತಿರಲಿಲ್ಲ" ಅಂದರು ಲಿಲಿಯಾನಾ. "ಇಂಥ ಮನೆ ಒಂದು ಇದಕ್ಕಿದೆ ಅಂತ ಯಾರೂ ನನಗೆ ಹೇಳಲಿಲ್ಲ. ಹೇಳಿದ್ರೆ ನಾನು ತರ್ತಾನೇ ಇರಲಿಲ್ಲ. ಆ ಪಟ್ಟಿ ಬಿಚ್ಚಿಬಿಡ್ಲಾ? ನಿಮಗೆ ಇಷ್ಟ ಇಲ್ವಲ್ಲ."

ಎವೋದಿಯೋ ಪಟ್ಟಿಯ ಮೇಲೆ ಕೈಯಿಟ್ಟರು. "ಇರ್ಲಿ ಬಿಡಮ್ಮಾ. ನೀವು ಅಷ್ಟಾದ್ರೂ ಮಾಡಿದ್ರಿ. ನಾನು ಅದನ್ನೂ ಮಾಡ್ಲಿಲ್ಲ."

ರೆನಾತಾ ರಸ್ತೆ ಬದಿಯಲ್ಲಿ ನಿಂತು ಅಳುತ್ತಿದ್ದರು. "ಕಾಪಾಡೋಣ ಅಂತ ಮಾಡಿದೆ. ಕಾಪಾಡೋಣ ಅಂತಲೇ ಮಾಡಿದೆ" ಅಂತ ಅದನ್ನೇ ಹೇಳುತ್ತಿದ್ದರು. ಮಾಕ್ಲೋವಿಯಾ ಹೋಗಿ ಅವರ ಪಕ್ಕ ನಿಂತಳು. ತಬ್ಬಿಕೊಳ್ಳಲಿಲ್ಲ. ಬೈಯಲೂ ಇಲ್ಲ.

ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಮಣ್ಣು ಮಾಡಿದೆವು. ಗಟ್ಟಿ ನೆಲ. ಅಗೆದದ್ದು ಗಣಿಯ ಗೆಳೆಯರು.

ಆಮೇಲೆ ರೆನಾತಾ ತಮ್ಮ ನಿಯಮ ತಿದ್ದಿದರು. ಈಗ ನಾಯಿ ಸಿಕ್ಕಿದರೆ ಮೊದಲು ಆ ಓಣಿಗೇ ಹೋಗಿ, ಇದಕ್ಕೆ ಯಾರಾದರೂ ಇದ್ದಾರಾ ಅಂತ ಕೇಳುತ್ತಾರೆ. ಮನೆ ನೋಡದೆ ಇಲ್ಲ ಅನ್ನುವುದಿಲ್ಲ. ವಯಸ್ಸಾದವರಿಗೂ ಕೊಡುತ್ತಾರೆ, ಆದರೆ ಅವರ ನಂತರ ನೋಡಿಕೊಳ್ಳುವವರು ಒಬ್ಬರು ಜೊತೆಗೆ ಬಂದು ಮಾತು ಕೊಡಬೇಕು. ತಾರಸಿ ಮೇಲೆ ಕಟ್ಟಿಹಾಕುವವರಿಗೆ ಇವತ್ತಿಗೂ ಕೊಡುವುದಿಲ್ಲ, ಅದು ಒಳ್ಳೆಯದೇ. "ಸುಮ್ನೆ ಇನ್ನೊಂದು ಹೆಣದ ಮೇಲೆ ಇನ್ನೊಂದು ನಿಯಮ ಬರೆದೆ, ಅಷ್ಟೇ" ಅಂತ ಅವರೇ ನನಗೆ ಹೇಳಿದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಒಂದು ದಿನ ರೆನಾತಾ ಯಾರೂ ಕೇಳದ ಮುದಿ ನಾಯಿಯೊಂದನ್ನು ಎವೋದಿಯೋ ಮನೆಗೆ ಕರೆತಂದರು. ಮುದುಕರು ಅದರ ಬೆನ್ನು ಸವರಿದರು, ನೀರು ಕೊಟ್ಟರು. "ಬೇಡ ತಾಯಿ" ಅಂದರು. "ಇವನು ಬಾಗಿಲಲ್ಲಿ ನಿಂತು ನನ್ನ ದಾರಿ ಕಾಯೋದನ್ನ ನೋಡೋ ಶಕ್ತಿ ನನಗಿಲ್ಲ." ನಾಯಿ ವಾಪಸ್ ಹೋಯಿತು. ಮಾಕ್ಲೋವಿಯಾ ಈಗ ಜೋರಾಗಿ ಮಾತಾಡೋದು ಕಡಿಮೆ. ನೀಲಿ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ. ತೆಗೆದುಬಿಡಿ ಅಂದರೆ ಇಬ್ಬರೂ ಕೇಳುವುದಿಲ್ಲ.

ಈ ಬೇಸಿಗೆಯಲ್ಲಿ ಡಾಕ್ಟರ್ ಯಾದೀರಾ ಮತ್ತೆ ಬಂದಾಗ, ಕೈಯಲ್ಲಿ ನಾಯಿ ಇಲ್ಲದೆ ಸಾಲಿನಲ್ಲಿ ನಿಂತದ್ದು ಎವೋದಿಯೋ ಒಬ್ಬರೇ. ನಾಯಿ ತಂದವರೊಬ್ಬರು, "ಚುಚ್ಚುಮದ್ದು ಸಾಕು ಡಾಕ್ಟ್ರೇ, ಪಟ್ಟಿಗಿಟ್ಟಿ ಎಲ್ಲ ಬೇಡ, ಇದು ನಮ್ಮದು ಅಂತ ಎಲ್ಲರಿಗೂ ಗೊತ್ತು" ಅಂದರು. ಎವೋದಿಯೋ ತಿರುಗಿ ನೋಡಿದರು.

"ನಂದೂ ಎಲ್ಲರಿಗೂ ಗೊತ್ತಿತ್ತಪ್ಪಾ" ಅಂದರು. "ಕಟ್ಟಿಸ್ಕೋ."

ನಾಯಿ ತಂದವರು ಕಟ್ಟಿಸಿಕೊಂಡು ಹೋದರು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೀವು ಒಂದು ನಾಯಿಗೆ ದಿನಾ ರೊಟ್ಟಿ ಹಾಕುತ್ತಿದ್ದರೆ ಅದನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. ಚುಚ್ಚುಮದ್ದು ಹಾಕಿಸಿ, ಆಪರೇಷನ್ ಮಾಡಿಸಿ, ಕೊರಳಿಗೆ ನಂಬರ್ ಕಟ್ಟಿ, ರಸ್ತೆಗಿಳಿಯದ ಹಾಗೆ ಒಂದು ಬಾಗಿಲು ಮಾಡಿ. ನೀವು ನಾಯಿಗಳನ್ನು ಕಾಪಾಡುವವರಾದರೆ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಿಯಮ ಇಟ್ಟುಕೊಳ್ಳಿ, ಆದರೆ ಇಲ್ಲ ಅನ್ನುವ ಮೊದಲು ಆ ಮನೆಯ ಮೆಟ್ಟಿಲು ಒಮ್ಮೆ ಹತ್ತಿ ನೋಡಿ. ಜಗಳ ಬಂದರೆ ಫೋನಿನಲ್ಲಿ ಕೂಗಬೇಡಿ, ಕಲ್ಲು ಎತ್ತಬೇಡಿ. ಎದುರಿಗೆ ಕೂತು ಮಾತಾಡಿ. ನೀವಿಬ್ಬರೂ ಜಗಳವಾಡುತ್ತಿರುವಾಗ ಒಳಗೊಂದು ಜೀವ ಮನೆಗೆ ಹೋಗೋಕೆ ಕಾಯುತ್ತಿರುತ್ತದೆ. ಅದಕ್ಕೆ ನಿಮ್ಮ ನ್ಯಾಯ ಅನ್ಯಾಯ ಯಾವುದೂ ತಿಳಿಯುವುದಿಲ್ಲ. ತಡ ಮಾಡಬೇಡಿ. ನಾವು ತಡ ಮಾಡಿದೆವು.